ಸ್ಟೇರಿಂಗ್ ಪಂಪ್ ಸೋರುತ್ತಿದೆ: ಹೊಸದು ಹಾಕಿಸಲಾ, ಸೀಲ್ ಕಿಟ್ ಸಾಕಾ? (2004ರ ಆಕ್ಸೆಂಟ್)

ಹಳೇ ಆಕ್ಸೆಂಟ್, ದಾವಣಗೆರೆ
ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಗಾಡಿ ನಮ್ಮ ಅಪ್ಪಾಜಿಯವರದು. 2004ರ ಹ್ಯುಂಡೈ ಆಕ್ಸೆಂಟ್, ಪೆಟ್ರೋಲ್, ಕೆಎ-17. ಒಂದು ಲಕ್ಷದ ನಲವತ್ತು ಸಾವಿರ ಕಿ.ಮೀ. ಚಿಲ್ಲರೆ ಓಡಿದೆ. 2024ರಲ್ಲಿ 5,000 ರೂಪಾಯಿ ಶುಲ್ಕ ಕಟ್ಟಿ ಎರಡನೇ ಸಲ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸಿದ್ದೇವೆ. ಆದ್ದರಿಂದ ಸದ್ಯ ಮಾರುವ ಮಾತೇ ಇಲ್ಲ. ದಯವಿಟ್ಟು "ಮಾರಿಬಿಡಿ" ಅಂತ ಯಾರೂ ಬರೆಯಬೇಡಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಸ್ಟೇರಿಂಗ್ ತಿರುಗಿಸಿದರೆ ಊಂ ಅಂತ ಗೋಳಿಡುತ್ತದೆ. ನಮ್ಮದು ವಿದ್ಯಾನಗರದ ಒಳಗಿನ ಸಣ್ಣ ರಸ್ತೆ. ಗಾಡಿ ಹೊರಗೆ ತೆಗೆಯಬೇಕಾದರೆ ಪೂರ್ತಿ ಕಟ್ ಹೊಡೆಯಲೇಬೇಕು. ಆ ಸದ್ದಿಗೆ ಎದುರು ಮನೆಯವರು ಕಿಟಕಿ ತೆಗೆದು ನೋಡುತ್ತಾರೆ. ಸ್ಟೇರಿಂಗ್ ಆಯಿಲ್ ಡಬ್ಬದ ಮಟ್ಟ ಹದಿನೈದು ದಿನಕ್ಕೊಮ್ಮೆ ಕೆಳಗಿನ ಗೆರೆ ದಾಟಿ ಇಳಿಯುತ್ತದೆ. ಗೇಟಿನ ಒಳಗೆ ನೆಲದ ಮೇಲೆ ಅಂಗೈಯಗಲ ಕಲೆ. ಅಮ್ಮ ರಂಗೋಲಿ ಹಾಕುವ ಜಾಗವನ್ನೇ ಬದಲಿಸಿದ್ದಾರೆ.

ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಒಬ್ಬರು ಬಾನೆಟ್ ಎತ್ತಿ ಅರ್ಧ ನಿಮಿಷ ನೋಡಿ, "ಪಂಪ್ ಹೋಗಿದೆ, ಹೊಸದು ಹಾಕ್ಬೇಕು, ಕೂಲಿ ಸೇರಿ ಹನ್ನೊಂದು ಸಾವಿರ" ಅಂದರು. ಇನ್ನೊಬ್ಬರು ಗುಜರಿಯಿಂದ ಒಂದು ತಂದು ಮೂರೂವರೆಯಲ್ಲಿ ಮುಗಿಸಿಕೊಡುತ್ತೇನೆ ಅಂದರು.

ಹೊಸದಾ, ಗುಜರಿಯದಾ, ಇಲ್ಲ ಒಳಗಿನ ರಬ್ಬರ್ ಸೀಲ್ ಮಾತ್ರ ಬದಲಿಸುವ ಸೀಲ್ ಕಿಟ್ ಸಾಕಾ? ನನ್ನ ಹತ್ತಿರ ಸ್ಪ್ಯಾನರ್ ಸೆಟ್ ಇದೆ, ಭಾನುವಾರವೂ ಇದೆ. ನಾನೇ ಮಾಡಬಹುದಾ?

ಮಂಡಕ್ಕಿ ಮಿರ್ಚಿ, ದಾವಣಗೆರೆ
ಭಾನುವಾರ, ಬೆಳಿಗ್ಗೆ 9:25

ಮಾರಿಬಿಡಿ.

ತಮಾಷೆಗೆ ಅಂದೆ, ಬೇಜಾರಾಗಬೇಡಿ ಸಾರ್. ನಮ್ಮ ಮಾವನ ಎಸ್ಟೀಮ್ ಕೂಡ ಹೀಗೇ ಕೂಗುತ್ತಿತ್ತು. ಅವರು ಟೇಪ್‌ರೆಕಾರ್ಡರ್ ಸೌಂಡ್ ಜಾಸ್ತಿ ಮಾಡಿಕೊಂಡು ಎರಡು ವರ್ಷ ಓಡಿಸಿದರು. ಮೂರನೇ ವರ್ಷ ಏನಾಯ್ತು ಅಂತ ಕೇಳಬೇಡಿ.

ಕೋಟೆ ಹುಡುಗ, ಚಿತ್ರದುರ್ಗ
ಭಾನುವಾರ, ಬೆಳಿಗ್ಗೆ 10:02

ಅಣ್ಣಾ, ಹನ್ನೊಂದು ಸಾವಿರ ಸುಮ್ನೆ ದಂಡ. ಸೀಲ್ ಕಿಟ್ ಹಾಕಿ.

ಪಂಪ್ ಅಂದರೆ ಏನೂ ಬ್ರಹ್ಮವಿದ್ಯೆ ಅಲ್ಲ. ಗಟ್ಟಿ ಲೋಹದ ಡಬ್ಬ. ಒಳಗೆ ಮೊಟ್ಟೆಯಾಕಾರದ ಒಂದು ಬಳೆ. ಅದರೊಳಗೆ ತಿರುಗುವ ಒಂದು ರೋಟರ್. ರೋಟರಿನ ಸೀಳುಗಳಲ್ಲಿ ಹತ್ತು ಸಣ್ಣ ಪಟ್ಟಿಗಳು, ಒಳಗೆ ಹೊರಗೆ ಜಾರುತ್ತಿರುತ್ತವೆ. ಬೆಲ್ಟ್ ತಿರುಗಿಸಿದರೆ ಪಟ್ಟಿಗಳು ಆಯಿಲನ್ನು ಬಾಚಿ ಒತ್ತಡದ ಪೈಪಿಗೆ ತಳ್ಳುತ್ತವೆ. ಆ ಒತ್ತಡದಿಂದಲೇ ಸ್ಟೇರಿಂಗ್ ಹಗುರ. ಅಷ್ಟೇ. ಪುಲ್ಲಿ ಹಿಂದೆ ಶಾಫ್ಟ್ ಹೊರಗೆ ಬರುವಲ್ಲಿ ಒಂದು ಆಯಿಲ್ ಸೀಲ್ ಇದೆ. ಇಪ್ಪತ್ತು ವರ್ಷ ಇಂಜಿನ್ ಬಿಸಿಗೆ ರಬ್ಬರ್ ಕಲ್ಲಾಗಿರುತ್ತದೆ, ಸೋರುತ್ತದೆ. ನಾನೂರು ಐನೂರಕ್ಕೆ ಕಿಟ್ ಸಿಗುತ್ತದೆ. ನಮ್ಮ ಮನೆಯ ಗಾಡಿಗೆ ನಾನೇ ಹಾಕಿದ್ದೇನೆ, ನಾಲ್ಕು ವರ್ಷವಾಯ್ತು, ಹನಿ ಇಲ್ಲ.

ಕೆಎ-17 ಅಂತ ಗರ್ವ ಬೇಡ ಅಣ್ಣಾ, 1997ರ ಆಗಸ್ಟ್ ತನಕ ನೀವೂ ನಮ್ಮ ಜಿಲ್ಲೆಯವರೇ. ಅದಕ್ಕೇ ಫ್ರೀ ಸಲಹೆ.

ಹರಿಹರ ಲೇತ್, ಹರಿಹರ
ಭಾನುವಾರ, ಮಧ್ಯಾಹ್ನ 12:40

ಹುಡುಗರು ಆಗಲೇ ಔಷಧಿ ಬರೆದುಬಿಟ್ಟಿದ್ದೀರಿ. ನಾಡಿ ಹಿಡಿದವರು ಯಾರು?

ನಾನು ಮೂವತ್ತು ವರ್ಷ ಲೇತ್ ಮುಂದೆ ನಿಂತವನು. ಒಂದು ಮಾತು ಹೇಳುತ್ತೇನೆ. ಆಯಿಲ್ ಕಂಡಲ್ಲೇ ಸೋರಿಕೆ ಇರುವುದಿಲ್ಲ. ಅದು ಹರಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೆ ಹಾರುತ್ತದೆ, ಕೊನೆಗೆ ಎಲ್ಲಕ್ಕಿಂತ ಕೆಳಗಿರುವ ಬೋಲ್ಟಿನ ತುದಿಯಿಂದ ತೊಟ್ಟಿಕ್ಕುತ್ತದೆ. ಪಂಪ್ ಒದ್ದೆಯಾಗಿದೆ ಅಂದರೆ ಪಂಪೇ ಸೋರುತ್ತಿದೆ ಅಂತಲ್ಲ. ಅದರ ಮೇಲಿನ ಪೈಪ್ ಸೋರಿ ಪಂಪನ್ನು ನೆನೆಸಿರಬಹುದು. ಅರ್ಧ ನಿಮಿಷದಲ್ಲಿ ಅದನ್ನು ಹೇಳಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಸೋರುವ ಜಾಗಗಳು ಇಷ್ಟು. ಡಬ್ಬದಿಂದ ಪಂಪಿಗೆ ಬರುವ ದಪ್ಪ ಪೈಪು, ಅದರ ಕ್ಲಿಪ್ಪು. ವಾಪಸ್ ಡಬ್ಬಕ್ಕೆ ಬರುವ ರಿಟರ್ನ್ ಪೈಪು, ಇದು ಹಳೇ ಗಾಡಿಗಳಲ್ಲಿ ಮೊದಲು ಬಿರಿಯುತ್ತದೆ. ಒತ್ತಡದ ಪೈಪಿನಲ್ಲಿ ರಬ್ಬರು ಮತ್ತು ಕಬ್ಬಿಣ ಸೇರುವ ಕಡೆ ಹಾಕಿದ ಬಿಗಿ ಉಂಗುರ. ಪಂಪಿಗೆ ಆ ಪೈಪು ಕೂರುವಲ್ಲಿನ ತಾಮ್ರದ ವಾಷರ್. ಪಂಪಿನ ಹಿಂದಿನ ಮುಚ್ಚಳದ ಓರಿಂಗ್. ಶಾಫ್ಟ್ ಸೀಲ್. ಕೊನೆಯದು, ಮುಂದಿನ ಚಕ್ರಗಳನ್ನು ತಿರುಗಿಸುವ ಕೆಳಗಿನ ರ‍್ಯಾಕ್. ರ‍್ಯಾಕಿನ ಎರಡೂ ತುದಿಗೆ ಅಕಾರ್ಡಿಯನ್ ಥರ ಮಡಿಕೆ ಇರುವ ರಬ್ಬರ್ ಬೂಟು ಇದೆಯಲ್ಲ, ಅದನ್ನು ಹಿಸುಕಿ ನೋಡಿ. ಒಳಗೆ ಆಯಿಲ್ ಲೊಚಲೊಚ ಅಂದರೆ ರ‍್ಯಾಕ್ ಸೀಲ್ ಹೋಗಿದೆ. ಆಗ ಚಿನ್ನದ ಪಂಪ್ ಹಾಕಿಸಿದರೂ ಸೋರುವುದು ನಿಲ್ಲುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ಬ್ರಷ್‌ನಲ್ಲಿ ಡೀಸೆಲ್ ತೆಗೆದುಕೊಂಡು ಇಡೀ ಜಾಗ ತೊಳೆಯಿರಿ. ಪೆಟ್ರೋಲ್ ಬೇಡವೇ ಬೇಡ. ಬೆಲ್ಟಿಗೂ ಆಲ್ಟರ್ನೇಟರಿಗೂ ಪ್ಲಾಸ್ಟಿಕ್ ಕವರ್ ಸುತ್ತಿ. ಬನಿಯನ್ ವೇಸ್ಟಿನಲ್ಲಿ ಒರೆಸಿ ಒಣಗಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಪೌಡರ್ ಇಲ್ಲದಿದ್ದರೆ ವಿಭೂತಿಯೂ ಆಗುತ್ತದೆ, ಶಿವ ಬೇಡ ಅನ್ನುವುದಿಲ್ಲ. ಕೆಳಗೆ ಪೇಪರ್ ಹಾಸಿ. ಯಾರಾದರೂ ಒಬ್ಬರನ್ನು ಕೂರಿಸಿ ಸ್ಟಾರ್ಟ್ ಮಾಡಿಸಿ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ತಿರುಗಿಸಲಿ. ತುದಿಯಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬಾರದು. ಆಮೇಲೆ ಇಂಜಿನ್ ಆರಿಸಿ, ಟಾರ್ಚ್ ಹಾಕಿ ಪೌಡರ್ ಎಲ್ಲಿ ಮೊದಲು ಒದ್ದೆಯಾಗಿದೆ ನೋಡಿ.

ಇಂಜಿನ್ ಓಡುತ್ತಿರುವಾಗ ಒತ್ತಡದ ಪೈಪಿನ ಮೇಲೆ ಕೈ ಆಡಿಸಬೇಡಿ. ತುದಿಗೆ ತಿರುಗಿಸಿ ಹಿಡಿದಾಗ ಅದರೊಳಗೆ 70 ಬಾರ್ ಸುಮಾರಿನ ಒತ್ತಡ ಇರುತ್ತದೆ. ನಿಮ್ಮ ಟೈರಿನಲ್ಲಿರುವುದು ಎರಡು ಚಿಲ್ಲರೆ. ಸೂಜಿ ತೂತಿನಿಂದ ಚಿಮ್ಮುವ ಆಯಿಲ್ ಚರ್ಮದೊಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟು ಕಾಣುತ್ತದೆ, ಆದರೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅನುಮಾನ ಇದ್ದರೆ ರಟ್ಟು ಹಿಡಿದು ನೋಡಿ.

ಬಾಡಿಗೆ ಬಂಡಿ, ದಾವಣಗೆರೆ
ಭಾನುವಾರ, ಸಂಜೆ 6:15

ಯಜಮಾನ್ರು ಸರಿಯಾಗಿ ಹೇಳಿದ್ದಾರೆ. ನನ್ನದೂ ಒಂದು ಇದೆ, ಕೇಳಿ.

ಆಗ ನನ್ನ ಹತ್ತಿರ ಹತ್ತು ಸೀಟಿನ ಹಳೇ ಡೀಸೆಲ್ ಗಾಡಿ ಇತ್ತು. ದುರ್ಗದಲ್ಲಿ ಮದುವೆ, ರಾತ್ರಿ ಹನ್ನೊಂದಕ್ಕೆ ದಾವಣಗೆರೆಯಿಂದ ಹೊರಟಿದ್ದೆವು. ಭರಮಸಾಗರ ಇನ್ನೂ ಬಂದಿರಲಿಲ್ಲ, ಸ್ಟೇರಿಂಗ್ ಕಲ್ಲಾಯಿತು. ಬಾನೆಟ್ ಎತ್ತಿದರೆ ಆಯಿಲ್ ವಾಸನೆ, ಹೊಗೆ. ರಿಟರ್ನ್ ಪೈಪ್ ಉದ್ದಕ್ಕೂ ಸೀಳಿತ್ತು. ಸೋರಿದ ಆಯಿಲ್ ಸೈಲೆನ್ಸರ್ ಬುಡದ ಬಿಸಿ ಕಬ್ಬಿಣದ ಮೇಲೆ ಬಿದ್ದು ಹೊಗೆ ಬರುತ್ತಿತ್ತು. ಬೆಂಕಿ ಹೊತ್ತಿಕೊಳ್ಳದಿದ್ದದ್ದು ಪುಣ್ಯ. ಆ ಬೆಲ್ಟ್ ಪಂಪಿಗೆ ಮಾತ್ರ ಇತ್ತು, ಅದಕ್ಕೆ ಬಿಚ್ಚಿ ಪಕ್ಕಕ್ಕಿಟ್ಟು ಹಾಗೇ ಓಡಿಸಿದೆ. ಪವರ್ ಇಲ್ಲದಿದ್ದರೂ ಸ್ಟೇರಿಂಗ್ ತಿರುಗುತ್ತದೆ, ತೋಳು ಬಿದ್ದುಹೋಗುತ್ತದೆ ಅಷ್ಟೇ. ಹೈವೇಯಲ್ಲಿ ಗೊತ್ತಾಗಲಿಲ್ಲ. ಛತ್ರದ ಮುಂದೆ ಪಾರ್ಕಿಂಗ್ ಮಾಡುವಾಗ ಗೊತ್ತಾಯಿತು.

ಅವತ್ತು ಬೆಲ್ಟ್ ತೆಗೆಯದೆ ಓಡಿಸಿದ್ದರೆ ಪಂಪ್ ಸತ್ತೇ ಹೋಗುತ್ತಿತ್ತು. ಅದಕ್ಕೆ ಆಯಿಲೇ ಗ್ರೀಸು. ಒಣಗಿ ತಿರುಗಿದರೆ ಒಳಗಿನ ಪಟ್ಟಿ, ಬಳೆ ಎಲ್ಲ ಉಜ್ಜಿಹೋಗುತ್ತವೆ.

ಗುಜರಿ ಪಂಪ್ ಬಗ್ಗೆ: ಬಾಡಿಗೆ ಗಾಡಿಗೆ ನಾನು ಎರಡು ಸಲ ಹಾಕಿಸಿದ್ದೇನೆ. ಒಂದು ಐದು ವರ್ಷ ಬಂತು. ಇನ್ನೊಂದು ಐದು ವಾರ.

ಕೋಟೆ ಹುಡುಗ, ಚಿತ್ರದುರ್ಗ
ಭಾನುವಾರ, ಸಂಜೆ 6:40

ಬೆಲ್ಟ್ ತೆಗೆಯುವ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಎಷ್ಟೋ ಗಾಡಿಗಳಲ್ಲಿ ಒಂದೇ ಉದ್ದ ಬೆಲ್ಟ್ ಸ್ಟೇರಿಂಗ್ ಪಂಪ್, ಆಲ್ಟರ್ನೇಟರ್, ವಾಟರ್ ಪಂಪ್ ಮೂರನ್ನೂ ತಿರುಗಿಸುತ್ತದೆ. ಅಂಥದ್ದರಲ್ಲಿ ಬೆಲ್ಟ್ ತೆಗೆದು ಓಡಿಸಿದರೆ ಇಂಜಿನ್ ಕಾದು ಹೆಡ್ ಹೋಗುತ್ತದೆ. ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡದೆ ಕೈ ಹಾಕಬೇಡಿ.

ನಿಟ್ಟುವಳ್ಳಿ ಅಕ್ಕ, ದಾವಣಗೆರೆ
ಸೋಮವಾರ, ಬೆಳಿಗ್ಗೆ 7:30

ಪಂಪಿನ ಬಗ್ಗೆ ಇಷ್ಟು ಮಾತಾಡಿದಿರಿ, ಆಯಿಲ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ನನ್ನದು ಹಳೇ ಹೋಂಡಾ ಸಿಟಿ. ಊರಾಚೆ ಒಂದು ಕಡೆ ಮಟ್ಟ ಕಡಿಮೆಯಾಗಿದೆ ಅಂತ ಗ್ಯಾರೇಜಿಗೆ ನಿಲ್ಲಿಸಿದೆ. ಹುಡುಗ ಬಂದವನೇ ಕೈಗೆ ಸಿಕ್ಕ ಬಾಟಲಿ ತೆಗೆದು ಸುರಿದ. ಬ್ರೇಕ್ ಆಯಿಲ್! ನಾನು ನೋಡಿದ್ದು ಖಾಲಿ ಬಾಟಲಿ ಕಸದ ಬುಟ್ಟಿಗೆ ಬಿದ್ದ ಮೇಲೆ. "ಎರಡೂ ಆಯಿಲೇ ಅಲ್ವಾ ಮೇಡಂ" ಅಂದ. ಅಲ್ಲಪ್ಪಾ. ಬ್ರೇಕ್ ಆಯಿಲ್ ಗ್ಲೈಕಾಲ್, ಸ್ಟೇರಿಂಗ್ ಆಯಿಲ್ ಎಣ್ಣೆ ಜಾತಿ. ಒಂದರ ರಬ್ಬರು ಇನ್ನೊಂದಕ್ಕೆ ಆಗಿಬರುವುದಿಲ್ಲ. ತಿಂಗಳೊಳಗೆ ಸೀಲ್‌ಗಳು ಊದಿ ಮೆತ್ತಗಾಗಿ ಪಂಪೂ ಸೋರಿತು, ರ‍್ಯಾಕೂ ಸೋರಿತು. ಕೊಟ್ಟ ದುಡ್ಡು ನೆನೆಸಿಕೊಂಡರೆ ಇವತ್ತಿಗೂ ತಿಂಡಿ ಸೇರುವುದಿಲ್ಲ.

ಅವತ್ತಿನಿಂದ ನನ್ನ ಡಿಕ್ಕಿಯಲ್ಲಿ ಒಂದು ಬಾಟಲ್ ಸರಿಯಾದ ಆಯಿಲ್ ಇರುತ್ತದೆ. ಹೋಂಡಾಕ್ಕೆ ಹೋಂಡಾದ್ದೇ ಬೇಕು, ಆಟೋಮ್ಯಾಟಿಕ್ ಗೇರಿನ ಕೆಂಪು ಆಯಿಲ್, ಎಟಿಎಫ್ ಅಂತಾರಲ್ಲ, ಅದನ್ನು ಹಾಕಬಾರದು. ಟೊಯೋಟಾದ ಎಷ್ಟೋ ಹಳೇ ಗಾಡಿಗಳಿಗೆ ಅದೇ ಕೆಂಪು ಡೆಕ್ಸ್ರಾನ್ ಎಟಿಎಫ್ ಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆ ನೋಡಿ ತಮ್ಮಾ, ಅಂಗಡಿಯವರು ಹೇಳಿದ್ದನ್ನಲ್ಲ.

ಹಳೇ ಆಕ್ಸೆಂಟ್, ದಾವಣಗೆರೆ
ಸೋಮವಾರ, ರಾತ್ರಿ 9:20

ಅಕ್ಕಾ, ನೋಡಿದೆ. ಪುಸ್ತಕದಲ್ಲಿ ಪಿಎಸ್‌ಎಫ್-3 ಅನ್ನುವ ಸ್ಟೇರಿಂಗ್ ಆಯಿಲ್ ಅಂತ ಇದೆ. ಇಷ್ಟು ದಿನ ನಾನು ಹಾಕುತ್ತಿದ್ದದ್ದು ಯಾವುದೋ ಕೆಂಪು ಬಾಟಲ್. ಬೈಯಬೇಡಿ.

ಯಜಮಾನ್ರೇ, ನಿನ್ನೆ ಸಂಜೆಯೇ ಪೌಡರ್ ಪರೀಕ್ಷೆ ಮಾಡಿದೆ. ತಂಗಿ ಸ್ಟೇರಿಂಗ್ ಹಿಡಿದಿದ್ದಳು, ಅಪ್ಪಾಜಿ ಕುರ್ಚಿ ಹಾಕಿಕೊಂಡು ಉಸ್ತುವಾರಿ. ಅವಳು ನಾಲ್ಕು ಸಲ ಅಂದರೆ ಹದಿನಾಲ್ಕು ಸಲ ತಿರುಗಿಸಿದಳು.

ರ‍್ಯಾಕ್ ಬೂಟು ಎರಡೂ ಒಣ. ದೇವರು ದೊಡ್ಡವನು. ಒತ್ತಡದ ಪೈಪು ಒಣ. ರಿಟರ್ನ್ ಪೈಪು ಡಬ್ಬಕ್ಕೆ ಸೇರುವ ಕಡೆ ಚೆನ್ನಾಗಿ ಒದ್ದೆಯಾಗಿತ್ತು. ಬಗ್ಗಿಸಿದರೆ ರಬ್ಬರಿನಲ್ಲಿ ಕೆರೆ ಒಣಗಿದ ಹಾಗೆ ಬಿರುಕು. ಜೊತೆಗೆ ಪುಲ್ಲಿ ಹಿಂದೆಯೂ ಸ್ವಲ್ಪ ಒದ್ದೆ. ಆದರೆ ಅದು ಮೇಲಿನಿಂದ ಹರಿದದ್ದೋ, ಅಲ್ಲೇ ಬಂದದ್ದೋ ಗೊತ್ತಾಗಲಿಲ್ಲ. ಬೆಲ್ಟಿನ ಒಳಮೈ ಮಿರಮಿರ ಅನ್ನುತ್ತಿದೆ, ಆಯಿಲ್ ಕುಡಿದಿದೆ.

ಹರಿಹರ ಲೇತ್, ಹರಿಹರ
ಸೋಮವಾರ, ರಾತ್ರಿ 10:05

ಮೊದಲು ಪೈಪು. ಬೇರೆ ಏನೂ ಮುಟ್ಟಬೇಡಿ. ಆಯಿಲ್‌ಗೆ ತಡೆಯುವ ರಬ್ಬರಿನ ಪೈಪೇ ಬೇಕು. ರೇಡಿಯೇಟರ್ ನೀರಿನ ಪೈಪ್ ತುಂಡು ಹಾಕಿದರೆ ಕೆಲವೇ ತಿಂಗಳಲ್ಲಿ ಉಬ್ಬುತ್ತದೆ. ಕ್ಲಿಪ್ಪೂ ಹೊಸದು. ನಂತರ ಮತ್ತೆ ತೊಳೆದು ಮತ್ತೆ ಪೌಡರ್. ಆಗಲೂ ಪುಲ್ಲಿ ಹಿಂದೆ ಒದ್ದೆಯಾದರೆ ಪಂಪಿನ ಮಾತು.

ಮಂಡಕ್ಕಿ ಮಿರ್ಚಿ, ದಾವಣಗೆರೆ
ಸೋಮವಾರ, ರಾತ್ರಿ 10:20

ಸೋರಿಕೆ ನಿಲ್ಲಿಸುವ ಬಾಟಲ್ ಸಿಗುತ್ತದಲ್ಲ, ಅದನ್ನೇ ಸುರಿದರೆ ಆಗಲ್ವಾ? ಕೇಳ್ತಿರೋದು ನಿಜವಾಗಿಯೂ, ತಮಾಷೆಗಲ್ಲ.

ಹರಿಹರ ಲೇತ್, ಹರಿಹರ
ಸೋಮವಾರ, ರಾತ್ರಿ 10:31

ಅದು ಹಳೇ ರಬ್ಬರನ್ನು ಸ್ವಲ್ಪ ಊದಿಸುತ್ತದೆ. ಗಟ್ಟಿಯಾದ ಸೀಲ್ ಆದರೆ ಕೆಲವು ದಿನ ಹನಿ ನಿಲ್ಲಬಹುದು. ಬಿರಿದ ಪೈಪಿಗೆ, ಸವೆದ ಶಾಫ್ಟಿಗೆ ಏನೂ ಮಾಡುವುದಿಲ್ಲ. ನಾಳೆ ಮಾರುವ ಗಾಡಿಗೆ ಹಾಕುವವರು ಇದ್ದಾರೆ. ನಾನು ಹಾಕುವುದಿಲ್ಲ.

ಹಳೇ ಆಕ್ಸೆಂಟ್, ದಾವಣಗೆರೆ
ಮುಂದಿನ ಭಾನುವಾರ, ರಾತ್ರಿ 8:00

ವರದಿ. ರಿಟರ್ನ್ ಪೈಪ್ ಬದಲಿಸಿದೆ, 260 ರೂಪಾಯಿ. ಸೋರಿಕೆ ಮುಕ್ಕಾಲು ಪಾಲು ನಿಂತಿತು. ಆದರೆ ಮೂರು ದಿನ ಪೇಪರ್ ಹಾಸಿ ನೋಡಿದೆ. ಪ್ರತಿ ಬೆಳಿಗ್ಗೆ ನಾಲ್ಕಾಣೆ ಅಗಲದ ಒಂದು ಕಲೆ. ಪುಲ್ಲಿ ಹಿಂದಿನ ಪೌಡರ್ ಪಾಯಸವಾಗಿದೆ, ಮೇಲೆ ಎಲ್ಲ ಒಣ. ಅಂದರೆ ಶಾಫ್ಟ್ ಸೀಲೂ ಹೋಗಿರುವುದು ನಿಜ. ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಇದೆ ಅನ್ನಿಸುತ್ತದೆ. ಸದ್ದು ಹಾಗೇ ಇದೆ.

ಈಗ ಹೇಳಿ, ಕಿಟ್ಟೋ ಹೊಸದೋ?

ಕೋಟೆ ಹುಡುಗ, ಚಿತ್ರದುರ್ಗ
ಭಾನುವಾರ, ರಾತ್ರಿ 8:10

ಕಿಟ್. ಐನೂರು ರೂಪಾಯಿ. ಹೋದರೆ ಐನೂರು ಹೋಯಿತು.

ಹರಿಹರ ಲೇತ್, ಹರಿಹರ
ಭಾನುವಾರ, ರಾತ್ರಿ 8:45

ಆಟ ಇದೆ ಅಂದಿರಲ್ಲ, ಅಲ್ಲಿಗೆ ಮುಗಿಯಿತು. ಶಾಫ್ಟ್ ಅಲ್ಲಾಡಿದರೆ ಹೊಸ ಸೀಲಿನ ತುಟಿ ಒಂದೇ ಕಡೆ ಸವೆಯುತ್ತದೆ. ಐನೂರು ಮಾತ್ರ ಹೋಗುವುದಿಲ್ಲ ತಮ್ಮಾ. ಪಂಪ್ ಬಿಚ್ಚಿ, ಹಾಕಿ, ಗಾಳಿ ತೆಗೆಯುವ ಇಡೀ ಕೆಲಸ ಎರಡು ಸಲ ಆಗುತ್ತದೆ, ಆಯಿಲೂ ಎರಡು ಸಲ.

ಅಲ್ಲಾಡದ ಶಾಫ್ಟ್, ಸದ್ದಿಲ್ಲದ ಪಂಪ್, ಬರೀ ಹನಿ ಇದ್ದಿದ್ದರೆ ನಾನೂ ಕಿಟ್ ಅನ್ನುತ್ತಿದ್ದೆ.

ಹಳೇ ಆಕ್ಸೆಂಟ್, ದಾವಣಗೆರೆ
ಮತ್ತೊಂದು ಭಾನುವಾರ, ರಾತ್ರಿ 9:50

ಹೊಸ ಪಂಪ್ ತಂದೆ, 7,800. ಬಿಲ್ಲಿದೆ, ಆರು ತಿಂಗಳು ಗ್ಯಾರಂಟಿ. ಇವತ್ತು ಹಾಕಿದ್ದೂ ಆಯಿತು. ಇನ್ನೊಬ್ಬರಿಗೆ ಉಪಯೋಗವಾಗಲಿ ಅಂತ ಬರೆಯುತ್ತೇನೆ. ಆದರೆ ಕೊನೆಯಲ್ಲಿ ಒಂದು ಸಮಸ್ಯೆ ಇದೆ, ಅದನ್ನೂ ಓದಿ.

ಪಂಪ್ ಜೊತೆ ಪುಲ್ಲಿ ಬರಲಿಲ್ಲ. ಹಳೇದರದ್ದೇ ಬಿಚ್ಚಿ ಹಾಕಬೇಕು. ಸುತ್ತಿಗೆ ತಗೊಂಡಿದ್ದೆ. ಫೋಟೋ ಕಳಿಸಿದರೆ ಯಜಮಾನ್ರು, "ಮುಟ್ಟಿದರೆ ಒಳಗಿನ ಬೇರಿಂಗಿಗೆ ಏಟು ಬೀಳುತ್ತೆ, ಹರಿಹರಕ್ಕೆ ತಗೊಂಡು ಬಾ" ಅಂದರು. ಗಾಡಿ ಜಾಕ್ ಮೇಲೆ. ಬಸ್ಸಿನಲ್ಲಿ, ತೊಡೆ ಮೇಲೆ ಎರಡು ಪಂಪ್ ಇಟ್ಟುಕೊಂಡು ಹೋದೆ. ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಲಿಲ್ಲ, ಮುಖ ನೋಡಿ ಪಾಪ ಅನ್ನಿಸಿರಬೇಕು. ಅವರ ಪರಿಚಯದ ವರ್ಕ್‌ಶಾಪಿನಲ್ಲಿ ಪುಲ್ಲರ್ ಹಾಕಿ ಹತ್ತು ನಿಮಿಷದಲ್ಲಿ ಮುಗಿಸಿದರು. ಕೂಲಿ ಅಂತ ಒಂದು ಟೀ.

ಬಿಚ್ಚಿದ ಕ್ರಮ ಹೇಳಬೇಕೆಂದರೆ, ಮೊದಲು ಬ್ಯಾಟರಿಯ ಮೈನಸ್ ತೆಗೆದೆ. ಮುಂದಿನ ಎರಡೂ ಚಕ್ರ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿದೆ, ಹಿಂದಿನ ಚಕ್ರಕ್ಕೆ ಕಲ್ಲು. ಮೆಡಿಕಲ್ ಶಾಪಿನ ದೊಡ್ಡ ಸಿರಿಂಜಿನಲ್ಲಿ ಡಬ್ಬದ ಆಯಿಲ್ ಎಳೆದೆ. ಅದು ಕಪ್ಪು ಕಾಫಿ ಥರ ಇತ್ತು. ಬೆಲ್ಟ್ ಸಡಿಲಿಸಿ ತೆಗೆದೆ. ಈ ಇಂಜಿನ್‌ನಲ್ಲಿ ಪಂಪಿಗೆ ಬೇರೆ ಬೆಲ್ಟ್ ಇರುವುದು ಒಳ್ಳೆಯದಾಯಿತು.

ಕಾಡಿಸಿದ್ದು ಒತ್ತಡದ ಪೈಪಿನ ಬೋಲ್ಟ್. ಇಪ್ಪತ್ತು ವರ್ಷ ಯಾರೂ ಮುಟ್ಟಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ. ಆದರೂ ಪೈಪ್ ತುಂಡು ಸಿಕ್ಕಿಸಿ ಜಗ್ಗಿದ ಮೇಲೆ ಕಟಕ್ ಅಂತ ಬಿಟ್ಟಿತು. ಬೋಲ್ಟ್ ಮುರಿಯಿತು ಅಂತ ಎದೆ ಧಸಕ್ ಅಂದಿತ್ತು.

ಇಲ್ಲೊಂದು ಮೋಸ ಇದೆ, ಗಮನಿಸಿ. ಬೋಲ್ಟಿನ ಎರಡೂ ಕಡೆ ಒಂದೊಂದು ವಾಷರ್ ಇರಬೇಕು. ನನಗೆ ಒಂದೇ ಸಿಕ್ಕಿತು. ಇನ್ನೊಂದು ಬಿದ್ದುಹೋಗಿದೆ ಅಂತ ಹೊಸದೆರಡು ಹಾಕಿ ಬಿಗಿಯಲು ಹೊರಟಿದ್ದೆ. ಅಪ್ಪಾಜಿ ಟಾರ್ಚ್ ಹಿಡಿದಿದ್ದವರು, "ಅದೇನೋ ಅಲ್ಲಿ, ಉಂಗುರ ಥರ?" ಅಂದರು. ಹಳೇ ವಾಷರ್ ಪೈಪಿನ ಮುಖಕ್ಕೇ ಅಂಟಿಕೊಂಡಿತ್ತು. ಅದರ ಮೇಲೆ ಹೊಸದು ಕೂರಿಸಿದ್ದರೆ ಖಂಡಿತ ಸೋರುತ್ತಿತ್ತು.

ಹೊಸ ಪಂಪಿನ ಒಳಹರಿವಿನ ಬಾಯಿಗೆ ಆಯಿಲ್ ಸುರಿದು ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿದೆ, ಗುಳ್ಳೆ ನಿಲ್ಲುವ ತನಕ. ಬೆಲ್ಟ್ ಹೊಸದು. ಹೆಬ್ಬೆರಳಲ್ಲಿ ಜೋರಾಗಿ ಒತ್ತಿದರೆ ನಡುವೆ ಸುಮಾರು 10 ಮಿ.ಮೀ. ಬಗ್ಗುವಷ್ಟು ಬಿಗಿ. ರಿಟರ್ನ್ ಪೈಪನ್ನು ಬಾಟಲಿಗೆ ಬಿಟ್ಟು ಹೊಸ ಪಿಎಸ್‌ಎಫ್-3 ಸುರಿದು, ಇಂಜಿನ್ ಸ್ಟಾರ್ಟ್ ಮಾಡದೇ ಸ್ಟೇರಿಂಗ್ ಆ ತುದಿ ಈ ತುದಿ ಇಪ್ಪತ್ತು ಸಲ. ಕಪ್ಪು ಹೋಗಿ ಶುದ್ಧ ಆಯಿಲ್ ಬಂದ ಮೇಲೆ ಪೈಪ್ ಸೇರಿಸಿದೆ. ಎರಡು ಲೀಟರ್ ಖರ್ಚಾಯಿತು. ಹಳೇ ಆಯಿಲ್ ಚರಂಡಿಗೆ ಚೆಲ್ಲಿಲ್ಲ, ಗ್ಯಾರೇಜಿನ ವೇಸ್ಟ್ ಡ್ರಮ್ಮಿಗೆ ಕೊಟ್ಟೆ.

ಸ್ಟಾರ್ಟ್ ಮಾಡಿದೆ. ಸ್ಟೇರಿಂಗ್ ಬೆಣ್ಣೆ. ಆದರೆ ಸದ್ದು ಹೋಗಿಲ್ಲ! ಹಿಂದಿನಷ್ಟು ಜೋರಿಲ್ಲ, ಇದೆ. ಡಬ್ಬದಲ್ಲಿ ಆಯಿಲ್ ಮೇಲೆ ಬಿಳಿ ನೊರೆ. ಏಳು ಸಾವಿರದ ಎಂಟುನೂರು!

ಬಾಡಿಗೆ ಬಂಡಿ, ದಾವಣಗೆರೆ
ಭಾನುವಾರ, ರಾತ್ರಿ 10:05

ಗಾಬರಿ ಬೇಡ. ನೊರೆ ಅಂದರೆ ಗಾಳಿ. ರಾತ್ರಿ ಹಾಗೇ ಬಿಡಿ, ಗುಳ್ಳೆ ಮೇಲೆ ಬರುತ್ತವೆ. ಬೆಳಿಗ್ಗೆ ಚಕ್ರ ಎತ್ತಿ ಮತ್ತೆ ಇಪ್ಪತ್ತು ಸಲ.

ಹರಿಹರ ಲೇತ್, ಹರಿಹರ
ಭಾನುವಾರ, ರಾತ್ರಿ 10:15

ಬೆಳಿಗ್ಗೆ ನೊರೆ ಹೋಗಿದ್ದರೆ ಸರಿ. ಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಬಂದರೆ, ಎಲ್ಲಿಂದಲೋ ಗಾಳಿ ಒಳಗೆ ಎಳೆಯುತ್ತಿದೆ. ಡಬ್ಬದಿಂದ ಪಂಪಿಗೆ ಬರುವ ದಪ್ಪ ಪೈಪಿನ ಕ್ಲಿಪ್ ನೋಡಿ. ಆ ಪೈಪಿನಲ್ಲಿ ಒತ್ತಡ ಇಲ್ಲ, ಎಳೆತ ಇದೆ. ಹಾಗಾಗಿ ಸಡಿಲ ಇದ್ದರೂ ಆಯಿಲ್ ಹೊರಗೆ ಬರದೆ ಗಾಳಿ ಒಳಗೆ ಹೋಗಬಹುದು. ಇನ್ನೊಂದು, ಡಬ್ಬದ ತಳದಲ್ಲಿ ಜಾಲರಿ ಇರುತ್ತದೆ. ಹಳೇ ರಬ್ಬರ್ ಚೂರು ಕಟ್ಟಿಕೊಂಡರೆ ಪಂಪಿಗೆ ಆಯಿಲ್ ಸಾಲದೆ ಹೀಗೇ ಕೂಗುತ್ತದೆ. ಒಳ್ಳೆ ಪಂಪೂ ಕೂಗುತ್ತದೆ.

ಹಳೇ ಆಕ್ಸೆಂಟ್, ದಾವಣಗೆರೆ
ಮಂಗಳವಾರ, ರಾತ್ರಿ 9:00

ನಿಂತಿತು! ಡಬ್ಬ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಜಾಲರಿ ಅರ್ಧಕ್ಕರ್ಧ ಕಪ್ಪು ಜಿಗುಟು. ಸೀಮೆಎಣ್ಣೆಯಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ, ಒಣಗಿಸಿ ಹಾಕಿದೆ. ಜೊತೆಗೆ ದಪ್ಪ ಪೈಪಿನ ಕ್ಲಿಪ್ಪೂ ಹೊಸದು. ಈಗ ಸದ್ದೇ ಇಲ್ಲ. ಎದುರು ಮನೆಯ ಅಜ್ಜ "ಗಾಡಿ ಮಾರಿದ್ರಾ?" ಅಂತ ಕೇಳಿದರು.

ಲೆಕ್ಕ: ಪಂಪ್ 7,800, ಪೈಪ್ 260, ವಾಷರ್ ಕ್ಲಿಪ್ಪು 40, ಆಯಿಲ್ 900, ಬೆಲ್ಟ್ 350. ಒಟ್ಟು 9,350. ಮೊದಲ ಮೆಕ್ಯಾನಿಕ್ ಹೇಳಿದ್ದಕ್ಕಿಂತ 1,650 ಕಡಿಮೆ. ಮೂರು ಭಾನುವಾರ ಮತ್ತು ಒಂದು ಒಳ್ಳೆ ಪ್ಯಾಂಟು ಲೆಕ್ಕಕ್ಕೆ ಸೇರಿಸಿಲ್ಲ.

ಹರಿಹರ ಲೇತ್, ಹರಿಹರ
ಮಂಗಳವಾರ, ರಾತ್ರಿ 9:18

ಸಂತೋಷ. ಆದರೆ ಜಾಲರಿ, ಕ್ಲಿಪ್ಪು ಎರಡೂ ಒಟ್ಟಿಗೆ ಮಾಡಿದಿರಿ. ಸದ್ದು ಯಾವುದರಿಂದ ನಿಂತಿತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಒಂದೊಂದೇ ಮಾಡಬೇಕಿತ್ತು.

ಕೋಟೆ ಹುಡುಗ, ಚಿತ್ರದುರ್ಗ
ಮಂಗಳವಾರ, ರಾತ್ರಿ 9:30

ಅಣ್ಣಾ, ಹಳೇ ಪಂಪ್ ಗುಜರಿಗೆ ಹಾಕಬೇಡಿ. ಶನಿವಾರ ದಾವಣಗೆರೆಗೆ ಬರುತ್ತಿದ್ದೇನೆ. ಬೆಣ್ಣೆದೋಸೆ ನಂದು, ಪಂಪ್ ನಿಮ್ದು. ಬಿಚ್ಚಿ ನೋಡಲೇಬೇಕು, ಕಿಟ್ ಸಾಕಿತ್ತೋ ಇಲ್ಲವೋ ಅಂತ.

ಕೋಟೆ ಹುಡುಗ, ಚಿತ್ರದುರ್ಗ
ಭಾನುವಾರ, ಮಧ್ಯಾಹ್ನ 3:30

ಬಿಚ್ಚಿದೆ. ಶಾಫ್ಟ್ ಒರೆಸಿ ಉಗುರು ಆಡಿಸಿದರೆ, ಸೀಲಿನ ತುಟಿ ಕೂರುವ ಜಾಗದಲ್ಲಿ ಸುತ್ತಲೂ ಒಂದು ಗೆರೆ, ಉಗುರು ಸಿಕ್ಕಿಕೊಳ್ಳುತ್ತದೆ. ಶಾಫ್ಟ್ ಕೂತು ತಿರುಗುವ ಬುಶ್ ಒಂದೇ ಪಕ್ಕಕ್ಕೆ ಸವೆದಿದೆ. ಒಳಗಿನ ಬಳೆಯ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಥರ ಸಣ್ಣ ಸಣ್ಣ ಅಲೆ. ಕಿಟ್ ಹಾಕಿದ್ದರೆ ಹೆಚ್ಚೆಂದರೆ ಎರಡು ತಿಂಗಳು.

ನಾನು ಹೇಳಿದ್ದು ತಪ್ಪು ಅಂತ ಒಪ್ಪಲ್ಲ. ಈ ಪಂಪಿಗೆ ತಪ್ಪು.

ಯಜಮಾನ್ರೇ, ಬುಶ್ ಒಂದೇ ಪಕ್ಕಕ್ಕೆ ಯಾಕೆ ಸವೆಯುತ್ತದೆ?

ಹರಿಹರ ಲೇತ್, ಹರಿಹರ
ಭಾನುವಾರ, ಸಂಜೆ 5:00

ಬೆಲ್ಟ್ ಯಾವ ಕಡೆಗೆ ಎಳೆಯುತ್ತದೋ ಆ ಕಡೆಗೆ. ಯಾರೋ ಬೆಲ್ಟನ್ನು ಅತಿ ಬಿಗಿ ಮಾಡಿದ್ದಾರೆ. ಆಕ್ಸೆಂಟ್ ಸಾರ್, ನೆನಪು ಮಾಡಿಕೊಳ್ಳಿ.

ಹಳೇ ಆಕ್ಸೆಂಟ್, ದಾವಣಗೆರೆ
ಭಾನುವಾರ, ಸಂಜೆ 6:20

ಅಪ್ಪಾಜಿಯನ್ನು ಕೇಳಿದೆ. ಹೌದು. ಹೋದ ವರ್ಷ ಮಳೆಗಾಲದಲ್ಲಿ ತಿರುಗಿಸುವಾಗ ಬೆಲ್ಟ್ ಕೀಂ ಅನ್ನುತ್ತಿತ್ತಂತೆ. ಒಂದು ಕಡೆ ತೋರಿಸಿದಾಗ ಬೆಲ್ಟ್ ಬಿಗಿ ಮಾಡಿ ಕಳಿಸಿದರಂತೆ. ಒಂದು ತಿಂಗಳಿಗೆ ಮತ್ತೆ ಕೀಂ, ಮತ್ತೆ ಬಿಗಿ. ದುಡ್ಡು ತೆಗೆದುಕೊಳ್ಳಲಿಲ್ಲ ಅಂತ ಅಪ್ಪಾಜಿಗೆ ಅವರ ಮೇಲೆ ಇವತ್ತಿಗೂ ಪ್ರೀತಿ.

ಹರಿಹರ ಲೇತ್, ಹರಿಹರ
ಭಾನುವಾರ, ಸಂಜೆ 6:45

ಹಾಗಾದರೆ ಹೀಗೆ ಆಗಿರಬೇಕು. ಆಗಲೇ ರಿಟರ್ನ್ ಪೈಪ್ ಬಿರಿದು ಬೆಲ್ಟ್ ಮೇಲೆ ಆಯಿಲ್ ಬೀಳುತ್ತಿತ್ತು. ಬೆಲ್ಟ್ ಜಾರಿ ಕೀಂ ಅಂದಿತು. ಸಡಿಲವಾಗಿದೆ ಅಂತ ಬಿಗಿ ಮಾಡಿದರು. ಆ ಬಿಗಿ ಬುಶ್ಶನ್ನು ತಿಂದಿತು. ಬುಶ್ ಸವೆದು ಶಾಫ್ಟ್ ಅಲ್ಲಾಡಿ ಸೀಲ್ ಹೋಯಿತು. ನಿಮ್ಮ 7,800ರ ಪಂಪನ್ನು ಕೊಂದದ್ದು 260ರ ಪೈಪು.

ನಿಟ್ಟುವಳ್ಳಿ ಅಕ್ಕ, ದಾವಣಗೆರೆ
ಭಾನುವಾರ, ಸಂಜೆ 7:05

ಇದನ್ನು ಓದಿ ನಾನೀಗ ಟಾರ್ಚ್ ತಗೊಂಡು ಹೋಗಿ ನನ್ನ ಪೈಪ್ ಬಗ್ಗಿಸಿ ನೋಡಿಬಂದೆ. ಸದ್ಯಕ್ಕೆ ಸರಿ ಇದೆ.

ಅಂದಹಾಗೆ ಮಿರ್ಚಿ, ನಿಮ್ಮ ಮಾವನ ಎಸ್ಟೀಮ್ ಮೂರನೇ ವರ್ಷ ಏನಾಯ್ತು? ಕೇಳಬೇಡಿ ಅಂದಿದ್ರಿ, ಕೇಳ್ತಿದ್ದೇನೆ.

ಮಂಡಕ್ಕಿ ಮಿರ್ಚಿ, ದಾವಣಗೆರೆ
ಭಾನುವಾರ, ಸಂಜೆ 7:20

ಮಾರಿಬಿಟ್ಟರು ಅಕ್ಕಾ. ಕೊಂಡವನು ನಾನೇ.

ನಾಳೆ ಬೆಳಿಗ್ಗೆ ಪೇಪರ್ ಹಾಸುತ್ತೇನೆ. ಟಾಲ್ಕಂ ಪೌಡರ್ ಮನೆಯಲ್ಲಿ ಕೊಡಲ್ಲ ಅಂದರು, ವಿಭೂತಿಯೇ ಗತಿ.